ಉಸಿರಿಗೆ ತಕ್ಕ ಅನ್ನ: ಟರ್ಬೊ ಎಂಜಿನ್ ಮತ್ತು ಇಂಧನದ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಕಾರುಗಳೆಂದರೆ ವಿಪರೀತ ಮೋಹ. ಕಾರ್ಖಾನೆಯಿಂದ ಬಂದ ಕಾರನ್ನು ಬಂದಂತೆಯೇ ಓಡಿಸುವುದರಲ್ಲಿ ಅವರಿಗೆ ತೃಪ್ತಿಯಿಲ್ಲ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಬೇಕು, ಆದರೆ ಅದೇ ಕಾರಿನಲ್ಲಿ ದಿನವೂ ಕಚೇರಿಗೆ ಹೋಗಿಬರಬೇಕು, ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಊರಿಗೂ ಕರೆದೊಯ್ಯಬೇಕು. ಅವರು ಕೇಳುವುದು ಒಂದೇ ಪ್ರಶ್ನೆ: "ಸಾರ್, ಯಾವ ಟರ್ಬೊ ಹಾಕಿಸಿದರೆ ಒಳ್ಳೆಯದು?" ನಾನು ಮೆಕ್ಯಾನಿಕ್ ಅಲ್ಲ, ಭೌತಶಾಸ್ತ್ರ ಕಲಿಸಿದವನು, ವಿಜ್ಞಾನದ ಚರಿತ್ರೆಯನ್ನು ಆಸಕ್ತಿಯಿಂದ ಓದಿದವನು. ಆ ಓದಿನಿಂದ ನನಗೆ ಮನದಟ್ಟಾಗಿರುವುದೇನೆಂದರೆ, ಈ ಪ್ರಶ್ನೆಯ ಕ್ರಮವೇ ತಲೆಕೆಳಗಾಗಿದೆ. ಮೊದಲು ಕೇಳಿಕೊಳ್ಳಬೇಕಾದುದು ಯಾವ ಟರ್ಬೊ ಎಂದಲ್ಲ, ನಾನು ದಿನವೂ ಹೋಗುವ ಬಂಕಿನಲ್ಲಿ ಯಾವ ಇಂಧನ ಸಿಗುತ್ತದೆ ಎಂದು. ಟರ್ಬೊ ಎಂಜಿನ್ನಿಗೆ ಉಸಿರು. ಇಂಧನ ಅದರ ಅನ್ನ. ಅನ್ನವನ್ನು ಲೆಕ್ಕಿಸದೆ ಉಸಿರನ್ನು ಮಾತ್ರ ಹೆಚ್ಚಿಸಿದಾಗಲೆಲ್ಲ ಎಂಜಿನ್ ಹಾಳಾಗಿದೆ ಎಂಬುದೇ ನೂರಿಪ್ಪತ್ತು ವರ್ಷಗಳ ಈ ಚರಿತ್ರೆಯ ಸಾರ.

ಟರ್ಬೊ ಎಂದರೇನು ಎಂಬುದನ್ನು ಮೊದಲು ನೋಡೋಣ. ಸಿಲಿಂಡರಿನೊಳಗೆ ಇಂಧನ ಉರಿಯಲು ಗಾಳಿ ಬೇಕು. ಪಿಸ್ಟನ್ ಕೆಳಗಿಳಿಯುವಾಗ ವಾತಾವರಣದ ಒತ್ತಡ ಎಷ್ಟು ಗಾಳಿಯನ್ನು ಒಳಕ್ಕೆ ತಳ್ಳುತ್ತದೆಯೋ ಅಷ್ಟೇ ಸಾಮಾನ್ಯ ಎಂಜಿನ್ನಿಗೆ ಲಭ್ಯ. ಇತ್ತ, ಉರಿದು ಹೊರಬರುವ ಬಿಸಿ ಹೊಗೆಯ ಜೊತೆಗೆ ಇಂಧನದ ಶಕ್ತಿಯ ದೊಡ್ಡ ಪಾಲು ವ್ಯರ್ಥವಾಗಿ ಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಕ್ಷದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದ. ಕಲ್ಪನೆ ಸರಳ, ಕಾರ್ಯ ಕಠಿಣ. ಕೆಂಪಗೆ ಕಾದ ಹೊಗೆಯಲ್ಲಿ ಅತಿವೇಗದಿಂದ ತಿರುಗುವ ಚಕ್ರಕ್ಕೆ ತಕ್ಕ ಲೋಹವೇ ಆಗ ಇರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1925ರ ಹೊತ್ತಿಗೆ, ಪ್ರಾಯ್ಸನ್ ಮತ್ತು ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳಿಗೆಂದು ತಯಾರಾದ ಡೀಸೆಲ್ ಎಂಜಿನ್‌ಗಳಲ್ಲಿ ಅವನ ಕನಸು ಫಲಿಸಿತು. 1750 ಅಶ್ವಶಕ್ತಿಯ ಎಂಜಿನ್ ಟರ್ಬೊದ ನೆರವಿನಿಂದ 2500 ಅಶ್ವಶಕ್ತಿ ಕೊಟ್ಟಿತು.

ಈ ಮೊದಲ ಜಯ ಡೀಸೆಲ್ ಎಂಜಿನ್ನಿಗೆ ದಕ್ಕಿದ್ದು ಆಕಸ್ಮಿಕವಲ್ಲ. ಡೀಸೆಲ್ ಎಂಜಿನ್ ಒಳಗೆಳೆದು ಅಮುಕುವುದು ಬರಿಯ ಗಾಳಿಯನ್ನು. ಇಂಧನ ಕೊನೆಯ ಗಳಿಗೆಯಲ್ಲಿ ಬರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಾದರೋ ಗಾಳಿ ಮತ್ತು ಇಂಧನ ಎರಡೂ ಬೆರೆತು ಒಟ್ಟಿಗೆ ಅಮುಕಲ್ಪಡುತ್ತವೆ. ತೊಂದರೆಯ ಮೂಲವಿರುವುದು ಇಲ್ಲಿ. ಅದನ್ನು ಮುಂದೆ ವಿವರಿಸುತ್ತೇನೆ.

ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಬೇಕಾದದ್ದು ಮೊದಲು ಆಕಾಶದಲ್ಲಿ. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಕಟ್ಟಿ, 14,109 ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಕೊಂಡೊಯ್ದ. ತಗ್ಗಿನ ಊರಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಶಿಖರದಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ ಅದೇ ಶಿಖರದಲ್ಲಿ 356ಕ್ಕೆ ಏರಿತು. ಗಮನಿಸಿ, ಮಾಸ್ ಎಂಜಿನ್ನಿಗೆ ಹೆಚ್ಚಿನದೇನನ್ನೂ ತುರುಕಲಿಲ್ಲ. ಎತ್ತರ ಕಸಿದುಕೊಂಡಿದ್ದನ್ನು ಹಿಂತಿರುಗಿಸಿದನಷ್ಟೆ. ಆದ್ದರಿಂದಲೇ ಎಂಜಿನ್ ಉಳಿಯಿತು.

ಈ ಪ್ರಯೋಗ ನಮಗೂ ಸಂಬಂಧಿಸಿದ್ದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನಲ್ಲಿರುವುದಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಕಾರು ಅಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಟರ್ಬೊ ಕಾರು ಕಳೆದುಕೊಳ್ಳದಂತೆ ತೋರುತ್ತದೆ, ಆದರೆ ಎಂಜಿನ್ನಿನೊಳಗೆ ಅದೇ ಒತ್ತಡವನ್ನು ತರಲು ಟರ್ಬೊ ಹೆಚ್ಚು ದುಡಿಯಬೇಕಾಗುತ್ತದೆ. ಕರಾವಳಿಯಲ್ಲಿ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕಾಗುವ ಕೆಲಸಕ್ಕೆ ಇಲ್ಲಿ 2.2 ಪಟ್ಟು ಒತ್ತಬೇಕು. ಹೆಚ್ಚು ಒತ್ತಿದರೆ ಹೆಚ್ಚು ಬಿಸಿ.

ತರಗತಿಯಲ್ಲಿ ಇದನ್ನು ತೋರಿಸಲು ನಾನು ಸೈಕಲ್ ಪಂಪನ್ನು ಒಯ್ಯುತ್ತಿದ್ದೆ. ಹತ್ತಾರು ಬಾರಿ ಜೋರಾಗಿ ಒತ್ತಿದ ಮೇಲೆ ಪಂಪಿನ ಬುಡ ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ. ಟರ್ಬೊದಲ್ಲೂ ಅದೇ ನಿಯಮ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಒಳ್ಳೆಯ ಟರ್ಬೊ ಆಗಿದ್ದರೂ ಗಾಳಿ ಸುಮಾರು 125 ಡಿಗ್ರಿಗೆ ಕಾಯುತ್ತದೆ. ಬಳ್ಳಾರಿಯ ಬೇಸಿಗೆಯ 40 ಡಿಗ್ರಿಯಲ್ಲಿ ಆರಂಭಿಸಿದರೆ ಸುಮಾರು 138. ಇಂಟರ್‌ಕೂಲರ್ ಎಂಬ ತಂಪುಗಾರಕ ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಬಿಸಿಯಾದರೆ ಏನು ಕೆಡುತ್ತದೆ? ಹುಲ್ಲಿನ ಬಣವೆಯ ಒಂದು ತುದಿಗೆ ಬೆಂಕಿ ತಾಗಿದರೆ ಜ್ವಾಲೆ ಕ್ರಮವಾಗಿ ಇನ್ನೊಂದು ತುದಿಗೆ ಸಾಗುತ್ತದೆ. ಸಿಲಿಂಡರಿನಲ್ಲಿಯೂ ಕಿಡಿ ಹೊತ್ತಿದ ಕಡೆಯಿಂದ ಜ್ವಾಲೆ ಹೀಗೆಯೇ ಸಾಗಬೇಕು. ಆದರೆ ಮಿಶ್ರಣದ ಬಿಸಿ ಮತ್ತು ಒತ್ತಡ ಮಿತಿ ಮೀರಿದರೆ, ಜ್ವಾಲೆ ತಲುಪುವ ಮೊದಲೇ ದೂರದ ಮೂಲೆಯ ಅನಿಲ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದ ಸದ್ದು ಬರುತ್ತದೆ. ಇದನ್ನೇ ನಾಕಿಂಗ್ ಎನ್ನುವರು. ನಾನು ಇದನ್ನು ಬಡಿತ ಎನ್ನುತ್ತೇನೆ. ಬಡಿತ ಮುಂದುವರಿದರೆ ಪಿಸ್ಟನ್ನಿನ ಅಂಚು ಮುರಿಯುತ್ತದೆ, ತಲೆ ತೂತಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬಡಿತಕ್ಕೆ ಎಂಜಿನ್ನಿನಷ್ಟೇ ಇಂಧನವೂ ಕಾರಣ ಎಂಬುದನ್ನು ಮೊದಲ ಮಹಾಯುದ್ಧದ ಕೊನೆಯ ವರ್ಷಗಳಿಂದ ವ್ಯವಸ್ಥಿತವಾಗಿ ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಪ್ರಮುಖ. ಬೇರೆಬೇರೆ ಇಂಧನಗಳು ಎಷ್ಟು ಒತ್ತಡದವರೆಗೆ ಬಡಿತವನ್ನು ತಡೆಯುತ್ತವೆ ಎಂದು ಆತ ಅಳೆದ. 1926ರಲ್ಲಿ ಅಮೆರಿಕದ ಗ್ರಹಾಂ ಎಡ್ಗರ್ ರೂಪಿಸಿದ ಅಳತೆಗೋಲೇ ಇಂದಿನ ಆಕ್ಟೇನ್ ಸಂಖ್ಯೆ. ಐಸೊಆಕ್ಟೇನ್‌ಗೆ ನೂರು ಅಂಕ, ಹೆಪ್ಟೇನ್‌ಗೆ ಸೊನ್ನೆ. ಆಕ್ಟೇನ್ ಸಂಖ್ಯೆ ಇಂಧನದ ಶಕ್ತಿಯನ್ನು ಹೇಳುವುದಿಲ್ಲ, ಅದರ ತಾಳ್ಮೆಯನ್ನು ಹೇಳುತ್ತದೆ. ಇದನ್ನು ಮರೆತವರು ಸಾಧಾರಣ ಕಾರಿಗೆ ದುಬಾರಿ ಪೆಟ್ರೋಲ್ ಹಾಕಿಸಿ ವೃಥಾ ಹಣ ಕಳೆಯುತ್ತಾರೆ.

ಈ ಘಟ್ಟದಲ್ಲಿ ಚರಿತ್ರೆ ಒಂದು ಕವಲುದಾರಿಗೆ ಬಂದು ನಿಂತಿತು. ಜನರಲ್ ಮೋಟರ್ಸ್ ಸಂಸ್ಥೆಯ ಸಂಶೋಧಕರಾದ ಚಾರ್ಲ್ಸ್ ಕೆಟರಿಂಗ್ ಮತ್ತು ಥಾಮಸ್ ಮಿಡ್ಗ್‌ಲಿ ಅವರಿಗೆ ಸಾಮಾನ್ಯ ಮದ್ಯಸಾರ, ಅಂದರೆ ಎಥನಾಲ್, ಬಡಿತವನ್ನು ಚೆನ್ನಾಗಿ ತಡೆಯುತ್ತದೆಂಬುದು ತಿಳಿದಿತ್ತು. ಆದರೆ ಎಥನಾಲನ್ನು ಧಾರಾಳವಾಗಿ ಬೆರೆಸಬೇಕು, ಮೇಲಾಗಿ ಯಾರು ಬೇಕಾದರೂ ತಯಾರಿಸಬಹುದಾದ ಅದರ ಮೇಲೆ ಹಕ್ಕುಸ್ವಾಮ್ಯ ಸಾಧ್ಯವಿಲ್ಲ. 1921ರ ಡಿಸೆಂಬರ್‌ನಲ್ಲಿ ಮಿಡ್ಗ್‌ಲಿಗೆ ಇನ್ನೊಂದು ದಾರಿ ಸಿಕ್ಕಿತು: ಟೆಟ್ರಾಈಥೈಲ್ ಲೆಡ್, ಸೀಸದ ಒಂದು ಸಂಯುಕ್ತ. ಒಂದು ಗ್ಯಾಲನ್ ಪೆಟ್ರೋಲಿಗೆ ಮೂರು ಮಿಲಿಲೀಟರಿನಷ್ಟು ಸಾಕು. 1923ರ ಫೆಬ್ರವರಿಯಲ್ಲಿ ಮಾರಾಟ ಆರಂಭವಾಯಿತು. ಹೆಸರು "ಈಥೈಲ್", ಸೀಸ ಎಂಬ ಶಬ್ದವೇ ಇಲ್ಲ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಕಾರ್ಖಾನೆಯಲ್ಲಿ ಈ ವಿಷ ತಗುಲಿ ಐವರು ಕೆಲಸಗಾರರು ಸತ್ತರು. ಆದರೂ ಅದು ಜಗತ್ತಿನ ಬಂಕುಗಳನ್ನೆಲ್ಲ ಆವರಿಸಿತು. ಮುಂದಿನ ಅರ್ಧ ಶತಮಾನದ ಬಲಿಷ್ಠ ಎಂಜಿನ್‌ಗಳೆಲ್ಲ ಬಹುಪಾಲು ಈ ಸೀಸದ ಬಲದಿಂದಲೇ ನಡೆದವು. ಅದರ ಬೆಲೆ ತೆತ್ತವರು ಹೊಗೆ ಕುಡಿದ ಮಕ್ಕಳು.

1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷಬಾಧೆಯ ತಡೆ ಮತ್ತು ಚಿಕಿತ್ಸೆಯ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರವರಿ 1ರಿಂದ, ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಮಾರುವ ವ್ಯವಸ್ಥೆ ಜಾರಿಯಾಯಿತು. ಜಗತ್ತಿನಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರಾಟ ಕೊನೆಯದಾಗಿ ನಿಂತದ್ದು 2021ರ ಜುಲೈನಲ್ಲಿ, ಅಲ್ಜೀರಿಯಾ ದೇಶದಲ್ಲಿ. ಸುಮಾರು ನೂರು ವರ್ಷ! ಇಂಧನದ ಆಯ್ಕೆ ಕಾರಿನ ಮಾಲೀಕನೊಬ್ಬನ ಖಾಸಗಿ ವಿಷಯವಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಉತ್ತಮ ಇಂಧನ ಎಂಜಿನ್ನಿಗೆ ಏನು ಮಾಡಬಲ್ಲದು ಎಂಬುದನ್ನು 1940ರ ಯುದ್ಧ ತೋರಿಸಿತು. ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿದ್ದುದು ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್. ಅದರ ಗಾಳಿಯೊತ್ತುಗ ಹೊಗೆಯಿಂದಲ್ಲದೆ ಎಂಜಿನ್ನಿನ ಗಿಯರಿನಿಂದಲೇ ತಿರುಗುತ್ತಿತ್ತು. ಅಂಥದಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರು. 87 ಆಕ್ಟೇನ್ ಇಂಧನದಲ್ಲಿ ಚದರ ಇಂಚಿಗೆ ಆರೂಕಾಲು ಪೌಂಡ್ ಹೆಚ್ಚುವರಿ ಒತ್ತಡಕ್ಕಷ್ಟೇ ಅನುಮತಿಯಿತ್ತು. 100 ಆಕ್ಟೇನ್ ಇಂಧನ ಬಂದ ಮೇಲೆ ಅದು ಹನ್ನೆರಡು ಪೌಂಡಿಗೆ ಏರಿತು. ಶಕ್ತಿ 1030ರಿಂದ ಸುಮಾರು 1300 ಅಶ್ವಶಕ್ತಿಯಾಯಿತು. ಅದೇ ಎಂಜಿನ್, ಅದೇ ಗಾಳಿಯೊತ್ತುಗ; ಬದಲಾದದ್ದು ಮುಖ್ಯವಾಗಿ ತೊಟ್ಟಿಯೊಳಗಿನ ದ್ರವ. ಮೊದಲು ಇಂಧನ, ಆಮೇಲೆ ಒತ್ತಡ ಎಂಬ ಕ್ರಮಕ್ಕೆ ಇದೇ ನನ್ನ ಮೊದಲ ಸಾಕ್ಷಿ.

ಟರ್ಬೊ ಕಲೆ ನಮ್ಮ ಬೆಂಗಳೂರಿಗೂ ಆ ಯುದ್ಧದ ಬೆನ್ನಿಗೇ ಬಂದಿತ್ತು. ಅಮೆರಿಕದ ಲಿಬರೇಟರ್ ಬಾಂಬರ್ ವಿಮಾನದ ನಾಲ್ಕು ಎಂಜಿನ್‌ಗಳಿಗೂ ಟರ್ಬೊ ಇತ್ತು. ಯುದ್ಧ ಮುಗಿದಾಗ ಅಂಥ ವಿಮಾನಗಳನ್ನು ಬಳಕೆಗೆ ಬಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. 1948ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು, ಅಂದರೆ ಇಂದಿನ ಎಚ್‌ಎಎಲ್‌ನವರು, ಅವುಗಳನ್ನು ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿ ಬೆಂಗಳೂರಿಗೆ ತಂದು, ಪೂರ್ಣವಾಗಿ ದುರಸ್ತಿಗೊಳಿಸಿ ವಾಯುಪಡೆಗೆ ಕೊಟ್ಟರು. 1960ರ ದಶಕದ ಕೊನೆಯವರೆಗೂ ಅವು ಹಾರಾಡಿದವು. ನಿಷ್ಠೆಯಿಂದ ನೋಡಿಕೊಂಡರೆ ಟರ್ಬೊ ಎಂಜಿನ್ ಎಷ್ಟು ದೀರ್ಘಕಾಲ ಬಾಳುತ್ತದೆ ಎಂಬುದಕ್ಕೆ ನಮ್ಮೂರಿನ ಕೈಗಳೇ ಸಾಕ್ಷಿ.

ಇನ್ನು ರಸ್ತೆಯ ಕಾರಿಗೆ ಬರೋಣ. 1962ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ಎರಡು ವಿಭಾಗಗಳು ಒಂದೇ ವರ್ಷದಲ್ಲಿ ಎರಡು ಟರ್ಬೊ ಕಾರುಗಳನ್ನು ಮಾರುಕಟ್ಟೆಗೆ ತಂದವು. ಒಂದೇ ಮನೆಯ ಅಣ್ಣತಮ್ಮಂದಿರಂತಿದ್ದರೂ ಇಬ್ಬರ ಬುದ್ಧಿ ಬೇರೆಬೇರೆ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಮೂರೂವರೆ ಲೀಟರಿನ ಅಲ್ಯೂಮಿನಿಯಂ ಎಂಜಿನ್, 215 ಅಶ್ವಶಕ್ತಿ. ಅದರ ವಿನ್ಯಾಸಕಾರರು ಸಂಪೀಡನ ಅನುಪಾತವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅಮುಕುತ್ತದೆ ಎಂಬುದನ್ನು, 10.25ರಲ್ಲಿಯೇ ಉಳಿಸಿಕೊಂಡು ಅದರ ಮೇಲೆ ಟರ್ಬೊ ಕೂರಿಸಿದರು. ಆಗ ಸಿಗುತ್ತಿದ್ದ ಪೆಟ್ರೋಲ್ ಇಷ್ಟನ್ನು ತಾಳಲಾರದು. ಅದಕ್ಕಾಗಿ ಶುದ್ಧೀಕರಿಸಿದ ನೀರು ಮತ್ತು ಮೆಥನಾಲ್ ಬೆರೆಸಿದ "ಟರ್ಬೊ ರಾಕೆಟ್ ಫ್ಲೂಯಿಡ್" ಎಂಬ ದ್ರವವನ್ನು ಪ್ರತ್ಯೇಕ ತೊಟ್ಟಿಯಿಂದ ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡು ಮಾಡಿದರು. ಸಿದ್ಧಾಂತದಲ್ಲಿ ಇದು ಜಾಣತನವೇ. ಆದರೆ ಕಾರು ಕೊಂಡವರಲ್ಲಿ ಅನೇಕರು ಆ ದ್ರವವನ್ನು ತುಂಬಿಸಲೇ ಇಲ್ಲ. ತೊಟ್ಟಿ ಬರಿದಾದರೆ ಕಾರು ತನ್ನ ರಕ್ಷಣೆಗಾಗಿ ಟರ್ಬೊವನ್ನು ತಡೆಹಿಡಿಯುತ್ತಿತ್ತು. ಕೊಂಡವನಿಗೆ ತನ್ನ ಕಾರು ಸೋಮಾರಿ ಎನಿಸುತ್ತಿತ್ತು. ಎರಡು ವರ್ಷಗಳಲ್ಲಿ ತಯಾರಾದದ್ದು ಒಂಬತ್ತೂವರೆ ಸಾವಿರಕ್ಕಿಂತ ತುಸು ಹೆಚ್ಚು. ಕಡೆಗೆ ಸಂಸ್ಥೆಯೇ ಅನೇಕ ಕಾರುಗಳ ಟರ್ಬೊ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಟ್ಟಿತು.

ಇನ್ನೊಂದು ಕಾರು ಷೆವರ್ಲೆ ಕಾರ್ವೇರ್ ಮಾನ್ಜಾ ಸ್ಪೈಡರ್. ಇಲ್ಲಿ ಸಂಪೀಡನ ಅನುಪಾತವನ್ನು 9ರಿಂದ 8ಕ್ಕೆ ಇಳಿಸಿ, ಟರ್ಬೊಗೆ ಜಾಗ ಮಾಡಿಕೊಟ್ಟರು. ವಿಶೇಷ ದ್ರವವಿಲ್ಲ, ಬಂಕಿನ ಪೆಟ್ರೋಲ್ ಸಾಕು. 2.4 ಲೀಟರ್ ಎಂಜಿನ್ನಿನಿಂದ 150 ಅಶ್ವಶಕ್ತಿ. ಅದರ ಟರ್ಬೊ ವಂಶ 1966ರವರೆಗೂ ಮುಂದುವರಿಯಿತು. ಮೊದಲನೆಯದು ಮಾಲೀಕನ ನೆನಪಿನ ಶಕ್ತಿಯನ್ನು ನಂಬಿತು. ಎರಡನೆಯದು ಹಾಸಿಗೆ ಇದ್ದಷ್ಟು ಕಾಲು ಚಾಚಿತು. ದಿನಬಳಕೆಯ ಕಾರಿನಲ್ಲಿ ಮನುಷ್ಯ ಮರೆಯುತ್ತಾನೆ ಎಂಬುದನ್ನು ವಿನ್ಯಾಸದಲ್ಲಿಯೇ ಲೆಕ್ಕಕ್ಕೆ ಹಿಡಿಯಬೇಕು.

ಯುರೋಪಿನವರು ಇದನ್ನು ಇನ್ನಷ್ಟು ತಿದ್ದಿದರು. 1973ರಲ್ಲಿ ಬಂದ ಬಿಎಂಡಬ್ಲ್ಯು 2002 ಟರ್ಬೊ ಕಾರಿನಲ್ಲಿ ಸಂಪೀಡನ ಅನುಪಾತ 6.9ಕ್ಕೆ ಇಳಿದಿತ್ತು. ಎಂಜಿನ್ ಸುರಕ್ಷಿತ, ಆದರೆ ಟರ್ಬೊ ಎಚ್ಚರಗೊಳ್ಳುವವರೆಗೆ ಕಾರು ತೂಕಡಿಸುತ್ತಿತ್ತು. ಎಚ್ಚರವಾದೊಡನೆ ಹುಚ್ಚು ಕುದುರೆಯಂತೆ ಎಗರುತ್ತಿತ್ತು. ಅದೇ ವರ್ಷ ಅರಬ್ ದೇಶಗಳ ತೈಲ ನಿರ್ಬಂಧದಿಂದ ಪೆಟ್ರೋಲಿಗೆ ಬರ ಬಂದು, ಕೇವಲ 1672 ಕಾರುಗಳಿಗೆ ಅದರ ಕಥೆ ಮುಗಿಯಿತು. 1974ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪೋರ್ಷೆ 911 ಟರ್ಬೊ 6.5ರ ಅನುಪಾತದೊಂದಿಗೆ 260 ಅಶ್ವಶಕ್ತಿ ಕೊಟ್ಟಿತು; 1978ರ ಮಾದರಿಯಲ್ಲಿ ಇಂಟರ್‌ಕೂಲರ್ ಸೇರಿ 300ಕ್ಕೆ ಏರಿತು. ಬಿಸಿಯನ್ನು ಕಳೆದರೆ ಶಕ್ತಿ ಕ್ಷೇಮವಾಗಿ ಬರುತ್ತದೆ ಎಂಬ ಪಾಠ ಅದು.

ಆದರೆ ನನ್ನ ಮೆಚ್ಚಿನ ಉದಾಹರಣೆ ಸ್ವೀಡನ್ನಿನ ಸಾಬ್ ಸಂಸ್ಥೆಯದು. ಪೆರ್ ಗಿಲ್‌ಬ್ರಾಂಡ್ ಎಂಬ ಎಂಜಿನಿಯರನ ಮುಂದಾಳುತನದಲ್ಲಿ 1977ರಲ್ಲಿ ಅವರು ತೋರಿಸಿದ ಸಾಬ್ 99 ಟರ್ಬೊ ಎರಡು ಲೀಟರ್ ಎಂಜಿನ್ನಿನಿಂದ 145 ಅಶ್ವಶಕ್ತಿಯನ್ನಷ್ಟೇ ಕೇಳಿತು. ದೊಡ್ಡ ಟರ್ಬೊದ ಬದಲು ಚಿಕ್ಕದನ್ನು ಆಯ್ದುಕೊಂಡರು. ಒತ್ತಡ ಮಿತಿ ತಲುಪಿದಾಗ ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕವಾಟ ಇಟ್ಟರು. ಗರಿಷ್ಠ ವೇಗಕ್ಕಿಂತ, ಊರಿನ ರಸ್ತೆಯಲ್ಲಿ ಮುಂದಿನ ವಾಹನವನ್ನು ಸುರಕ್ಷಿತವಾಗಿ ದಾಟುವ ಶಕ್ತಿಯೇ ಅವರ ಗುರಿ. 1980ರ ದಶಕದ ಆರಂಭದಲ್ಲಿ ಅವರು ಎಂಜಿನ್ನಿಗೆ ಒಂದು ಕಿವಿಯನ್ನೇ ಕೊಟ್ಟರು. ಬಡಿತದ ಕಂಪನವನ್ನು ಗ್ರಹಿಸುವ ಸಂವೇದಕವೊಂದು ಎಂಜಿನ್ನಿಗೆ ಅಂಟಿಕೊಂಡಿರುತ್ತಿತ್ತು. ಬಡಿತದ ಸೂಚನೆ ಸಿಕ್ಕೊಡನೆ ವಿದ್ಯುನ್ಮಾನ ವ್ಯವಸ್ಥೆ ಟರ್ಬೊದ ಒತ್ತಡವನ್ನು ತಗ್ಗಿಸುತ್ತಿತ್ತು. ಒಳ್ಳೆಯ ಪೆಟ್ರೋಲ್ ಹಾಕಿದರೆ ಹೆಚ್ಚು ಶಕ್ತಿ, ಕಳಪೆಯದು ಹಾಕಿದರೆ ಕಡಿಮೆ ಶಕ್ತಿ, ಎರಡರಲ್ಲಿಯೂ ಎಂಜಿನ್ ಕ್ಷೇಮ. ಈ ಭರವಸೆಯಿಂದ ಸಂಪೀಡನ ಅನುಪಾತವನ್ನು 7.2ರಿಂದ 8.5ಕ್ಕೆ ಏರಿಸಲೂ ಸಾಧ್ಯವಾಯಿತು. ಬಡಿತಕ್ಕೆ ಕಿವಿಗೊಡುವ ಈ ತತ್ತ್ವವನ್ನೇ ಇಂದಿನ ಟರ್ಬೊ ಪೆಟ್ರೋಲ್ ಕಾರುಗಳೂ ಅನುಸರಿಸುತ್ತವೆ.

ಕಾರು ಮಾರ್ಪಡಿಸುವವರ ಬಾಯಲ್ಲಿ ಸದಾ ಇರುವ ಹೆಸರುಗಳು ಜಪಾನಿನವು. 1989ರಲ್ಲಿ ಬಂದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಎರಡು ಟರ್ಬೊಗಳಲ್ಲಿ ಹೊಗೆಯಿಂದ ತಿರುಗುವ ಚಕ್ರಗಳು ಸೆರಾಮಿಕ್‌ನವು, ಅಂದರೆ ಒಂದು ಬಗೆಯ ಪಿಂಗಾಣಿಯವು. ಹಗುರವಾದುದರಿಂದ ಬೇಗ ವೇಗ ಪಡೆಯುತ್ತವೆ. ಕಾರ್ಖಾನೆ ನಿಗದಿ ಮಾಡಿದ ಒತ್ತಡದಲ್ಲಿ ಅವು ಸರಿಯಾಗಿಯೇ ದುಡಿದವು. ಆದರೆ ಉತ್ಸಾಹಿಗಳು ಒತ್ತಡವನ್ನು ಏರಿಸುತ್ತ ಹೋದಾಗ ಪಿಂಗಾಣಿ ಚಕ್ರ ಒಡೆದು ಚೂರಾಗುವುದು ಕುಖ್ಯಾತವಾಯಿತು. ಟೊಯೊಟಾ ಇದಕ್ಕೆ ಒಳ್ಳೆಯ ಉತ್ತರವನ್ನು ತಾನೇ ತೋರಿಸಿತು. 1993ರ ಸುಪ್ರಾ ಕಾರಿನ ಮೂರು ಲೀಟರ್ ಎಂಜಿನ್ ಜಪಾನಿನೊಳಗೆ 280 ಅಶ್ವಶಕ್ತಿಯದು, ಸೆರಾಮಿಕ್ ಚಕ್ರಗಳದು, ನಿಮಿಷಕ್ಕೆ 440 ಮಿಲಿಲೀಟರ್ ಇಂಧನ ಚಿಮ್ಮುವ ಇಂಜೆಕ್ಟರುಗಳದು. ರಫ್ತಾದ ಕಾರಿನಲ್ಲಿ ಅದೇ ಎಂಜಿನ್ನಿಗೆ ಉಕ್ಕಿನ ಚಕ್ರಗಳು, 550 ಮಿಲಿಲೀಟರ್ ಇಂಜೆಕ್ಟರುಗಳು, 320 ಅಶ್ವಶಕ್ತಿ. ಉಸಿರನ್ನು ಹೆಚ್ಚಿಸಿದ ಕೈಯೇ ಅನ್ನವನ್ನೂ ಹೆಚ್ಚಿಸಿತು.

ಇಷ್ಟು ಚರಿತ್ರೆಯಿಂದ ಒಂದು ಕ್ರಮ ತಾನಾಗಿಯೇ ಹೊರಡುತ್ತದೆ. ಮೊದಲನೆಯದು ಇಂಧನ. ನಮ್ಮ ದೇಶದಲ್ಲಿ 2020ರ ಬಿಎಸ್-6 ಮಾನದಂಡ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನ್ ನಿಗದಿ ಮಾಡಿತು. 95ರದು ದೊಡ್ಡ ಊರುಗಳಲ್ಲಿ ದೊರೆಯುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ 100 ಆಕ್ಟೇನ್ ಪೆಟ್ರೋಲನ್ನೂ ಆಯ್ದ ಊರುಗಳಲ್ಲಿ ಬಿಡುಗಡೆ ಮಾಡಿತು. ಇಲ್ಲೊಂದು ಎಚ್ಚರಿಕೆ: ಅಮೆರಿಕದ ಬಂಕುಗಳು ನಮೂದಿಸುವ ಆಕ್ಟೇನ್ ಸಂಖ್ಯೆ ಎರಡು ಬಗೆಯ ಪರೀಕ್ಷೆಗಳ ಸರಾಸರಿ. ಅಲ್ಲಿನ 93 ನಮ್ಮ ಅಳತೆಯಲ್ಲಿ ಸುಮಾರು 98. ನಮ್ಮ 91 ಅಲ್ಲಿಯವರಿಗೆ ಸುಮಾರು 87. ಅಮೆರಿಕದವರ ಸಲಹೆಯನ್ನು ಓದಿ, "ನಮ್ಮದೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ" ಎಂದುಕೊಂಡು ಅದೇ ಒತ್ತಡ ಇಟ್ಟರೆ ಪಿಸ್ಟನ್ ಉಳಿಯುವುದಿಲ್ಲ. ಪ್ರವಾಸದ ದಾರಿಯಲ್ಲಿ ಸಿಗಬಹುದಾದ ಅತ್ಯಂತ ಸಾಧಾರಣ ಪೆಟ್ರೋಲಿಗೆ ತಕ್ಕಂತೆ ಎಂಜಿನ್ನನ್ನು ಹೊಂದಿಸುವುದೇ ವಿವೇಕ.

ಎರಡನೆಯದು ಇಂಧನ ಪೂರೈಕೆ. ಇದು ಕರಿಹಲಗೆಯ ಮೇಲೆ ಬಿಡಿಸಬಹುದಾದ ಲೆಕ್ಕ. ಟರ್ಬೊ ಪೆಟ್ರೋಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕಿಲೋಗ್ರಾಂ ಇಂಧನ ಬೇಡುತ್ತದೆ ಎಂದಿಟ್ಟುಕೊಳ್ಳಿ. 300 ಅಶ್ವಶಕ್ತಿಗೆ ಸುಮಾರು 82 ಕಿಲೋಗ್ರಾಂ, ಅಂದರೆ 110 ಲೀಟರ್. ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದೊಂದು ಇಂಜೆಕ್ಟರಿಗೆ ನಿಮಿಷಕ್ಕೆ 460 ಮಿಲಿಲೀಟರ್. ಇಂಜೆಕ್ಟರನ್ನು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ದುಡಿಸಬಾರದು. ಆದ್ದರಿಂದ 575ರದು ಬೇಕು. ಗರಿಷ್ಠ ಒತ್ತಡದಲ್ಲಿಯೂ ಗಂಟೆಗೆ 110 ಲೀಟರನ್ನು ಮೀರಿ ಕೊಡಬಲ್ಲ ಪಂಪ್ ಬೇಕು. ಇಂಧನ ಸಾಲದೆ ಹೋದರೆ ಮಿಶ್ರಣ ತೆಳುವಾಗುತ್ತದೆ. ಒತ್ತಡದಲ್ಲಿರುವಾಗ ತೆಳು ಮಿಶ್ರಣವೆಂದರೆ ಅತಿಯಾದ ಬಿಸಿ, ಬಡಿತ, ತೂತಾದ ಪಿಸ್ಟನ್. ಪೆಟ್ರೋಲ್ ಪೂರ್ಣವಾಗಿ ಉರಿಯಲು ತನ್ನ ತೂಕದ 14.7 ಪಟ್ಟು ಗಾಳಿ ಸಾಕಾದರೂ, ಒತ್ತಡದಲ್ಲಿರುವಾಗ 12ರ ಆಸುಪಾಸಿನಲ್ಲಿ ಇಂಧನ ಹೆಚ್ಚಾಗಿರುವಂತೆ ಇಡುವುದು ಈ ಕಾರಣಕ್ಕಾಗಿಯೇ.

ಮೂರನೆಯದು ಬಿಸಿಯನ್ನು ಕಳೆಯುವ ಏರ್ಪಾಡು: ಇಂಟರ್‌ಕೂಲರ್, ರೇಡಿಯೇಟರ್, ಎಂಜಿನ್ ಆಯಿಲ್. ಟರ್ಬೊದ ಅಕ್ಷ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಆಯಿಲಿನ ತೆಳುಪದರದ ಮೇಲೆ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದೊಡನೆ ಎಂಜಿನ್ ನಿಲ್ಲಿಸಿದರೆ ಆ ಆಯಿಲ್ ಅಲ್ಲಿಯೇ ಸುಟ್ಟು ಕರಿಕಾಗುತ್ತದೆ. ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ನಿಲ್ಲಿಸುವುದು ಹಳೆಯ ಟರ್ಬೊ ಕಾರುಗಳವರ ಒಳ್ಳೆಯ ರೂಢಿ. ನಾಲ್ಕನೆಯದು ಮೇಲ್ವಿಚಾರಣೆ: ಮಿಶ್ರಣದ ಅಳತೆ, ಬಡಿತದ ಸಂವೇದಕ, ಮಿತಿ ಮೀರಿದರೆ ತಾನಾಗಿಯೇ ಒತ್ತಡ ಇಳಿಸುವ ವ್ಯವಸ್ಥೆ. ಇವೆಲ್ಲ ಆದ ಮೇಲೆ, ಐದನೆಯದಾಗಿ, ಟರ್ಬೊ. ಅದು ಕೂಡ ಚಿಕ್ಕದಾಗಿರಲಿ. ಊರಿನ ರಸ್ತೆಯಲ್ಲಿ ಬೇಗ ಎಚ್ಚರಗೊಳ್ಳುವ ಚಿಕ್ಕ ಟರ್ಬೊ, ತೂಕಡಿಸುವ ದೊಡ್ಡ ಟರ್ಬೊಗಿಂತ ಉಪಯುಕ್ತ.

ಮಿಡ್ಗ್‌ಲಿ ಬದಿಗಿಟ್ಟ ಎಥನಾಲ್ ಈಗ ನಮ್ಮ ತೊಟ್ಟಿಗಳಿಗೇ ಬಂದಿದೆ. ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಇ-20 ಪೆಟ್ರೋಲನ್ನು ಪ್ರಧಾನಮಂತ್ರಿಗಳು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ದೇಶ ಆ ಪ್ರಮಾಣವನ್ನು ತಲುಪಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಬಂಕುಗಳಲ್ಲಿ ಎಥನಾಲ್-100 ಎಂಬುದೂ ಬಂದಿತು. ಟರ್ಬೊ ದೃಷ್ಟಿಯಿಂದ ಎಥನಾಲ್ ಉತ್ತಮ: ಬಡಿತವನ್ನು ತಡೆಯುತ್ತದೆ, ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ. ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಅಮೆರಿಕದವರು ಮೆಚ್ಚುವ ಇ-85 ಬಳಸಿದರೆ ನಮ್ಮ ಲೆಕ್ಕದ 575ರ ಇಂಜೆಕ್ಟರ್ ಸುಮಾರು 780ಕ್ಕೆ ಏರಬೇಕು. ಅಲ್ಲಿಯೂ ಆ ಹೆಸರಿನ ಇಂಧನದಲ್ಲಿ ಎಥನಾಲ್ ಪ್ರಮಾಣ ಋತುವಿನೊಂದಿಗೆ 51ರಿಂದ 83ರವರೆಗೆ ಬದಲಾಗುತ್ತದೆ. ಅದನ್ನು ಅಳೆಯುವ ಸಂವೇದಕವಿಲ್ಲದಿದ್ದರೆ ಅಪಾಯ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕಾರುಗಳ ಕೆಲವು ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಹಳೆಯ ಕಾರನ್ನು ಮಾರ್ಪಡಿಸುವವರು ಟರ್ಬೊಗಿಂತ ಮೊದಲು ಕೊಳವೆಗಳನ್ನು ಪರೀಕ್ಷಿಸಲಿ.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗುವುದು, ವಿಮೆಯ ಷರತ್ತುಗಳನ್ನು ಓದುವುದು ಕ್ಷೇಮ. ಹೆಚ್ಚಿದ ಶಕ್ತಿಗೆ ತಕ್ಕ ಬ್ರೇಕ್, ಟೈರುಗಳಿಲ್ಲದೆ ಅಪಘಾತವಾದರೆ ನೋವು ಪಡುವವನು ಕಾರಿನ ಒಡೆಯನೊಬ್ಬನೇ ಅಲ್ಲ, ರಸ್ತೆ ದಾಟುತ್ತಿದ್ದವನೂ ಹೌದು.

ಅತಿ ಆಸೆ ಗತಿ ಕೇಡು ಎಂಬ ಗಾದೆಯನ್ನು ನಮ್ಮ ಹಿರಿಯರು ಎಂಜಿನ್ ನೋಡಿ ಹೇಳಿದ್ದಲ್ಲ. ಆದರೂ ಬ್ಯೂಖಿಯಿಂದ ಗಿಲ್‌ಬ್ರಾಂಡ್‌ವರೆಗಿನ ಕಥೆ ಹೇಳುವುದು ಅದನ್ನೇ. ಬಾಳಿಕೆ ಬಂದ ಟರ್ಬೊ ಎಂಜಿನ್‌ಗಳನ್ನು ಕಟ್ಟಿದವರು ತಮ್ಮ ಕಾಲದ ಇಂಧನ ಎಷ್ಟು ತಾಳುತ್ತದೆ ಎಂಬುದನ್ನು ಮೊದಲು ಅಳೆದರು, ಅದರೊಳಗೇ ಉಸಿರನ್ನು ಹೆಚ್ಚಿಸಿದರು, ಬಡಿತಕ್ಕೆ ಕಿವಿಗೊಟ್ಟರು. ಆ ಅಳತೆಯನ್ನು ತಪ್ಪಿಸಿ ನಡೆದವರಲ್ಲಿ ಕೆಲವರು ಎಂಜಿನ್ನನ್ನು ಕಳೆದುಕೊಂಡರು. ಮಿಡ್ಗ್‌ಲಿಯಂಥವರು ಆ ಹೊರೆಯನ್ನು ನೂರು ವರ್ಷಗಳ ಕಾಲ ಬೇರೆಯವರ ಮಕ್ಕಳ ಮೇಲೆ ಹೊರಿಸಿದರು. ಒಳ್ಳೆಯ ಕಾರು ಎಂದರೆ ಒಂದು ದಿನ ಎಲ್ಲರನ್ನೂ ಹಿಂದೆ ಹಾಕಿದ ಕಾರಲ್ಲ. ಹತ್ತು ವರ್ಷ ಕಳೆದ ಮೇಲೂ ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಸದ್ದಿಲ್ಲದೆ ಹೊರಡುವ ಕಾರು.